ಡಬ್ಬಿಯೊಳಗಿನ ಎಚ್ಚರ

ಮಧ್ಯಾಹ್ನ ಎರಡು ಗಂಟೆಯ ಪೀರಿಯಡ್ಡನ್ನು ಕಂಡುಹಿಡಿದವನು ಯಾರೇ ಆಗಿರಲಿ, ಮುದ್ದೆ ಉಂಡವನಂತೂ ಅಲ್ಲ. ನಮ್ಮ ತುಮಕೂರು ಸೀಮೆಯಲ್ಲಿ ಹುರುಳಿಕಾಳಿನ ಬಸ್ಸಾರಿನ ಜೊತೆ ಎರಡು ಮುದ್ದೆ ಇಳಿಸಿದವನಿಗೆ ಆಮೇಲೆ ಬೇಕಾಗುವುದು ಒಂದು ಚಾಪೆ. ಕಾಲೇಜಿನವರು ನನಗೆ ಕೊಡುತ್ತಿದ್ದದ್ದು ಅಂತಿಮ ಬಿ.ಕಾಂ.ನ ಮಾರ್ಕೆಟಿಂಗ್ ಕ್ಲಾಸು. ಹೇಳುವವನ ಕಣ್ಣೂ ಕೇಳುವವರ ಕಣ್ಣೂ ಏಕಕಾಲಕ್ಕೆ ಮುಚ್ಚಿಕೊಳ್ಳುವ ಆ ಗಳಿಗೆಯಲ್ಲಿ ಗುರುಶಿಷ್ಯರ ನಡುವೆ ಎಂಥ ಸಾಮರಸ್ಯ ಇರುತ್ತಿತ್ತು ಅಂತೀರಿ! ಒಂದು ದಿನ "ಉತ್ತಮ ಉತ್ಪನ್ನವೇ ಯಶಸ್ವಿ ಮಾರಾಟದ ತಳಹದಿ" ಎಂದು ನೋಟ್ಸ್ ಬರೆಸುತ್ತಿದ್ದಾಗ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ಎಲ್ಲಿಗೆ ನಿಲ್ಲಿಸಿದ್ದೆನೋ ತಿಳಿಯದೆ ಅದೇ ವಾಕ್ಯ ಮತ್ತೆ ಹೇಳಿದೆ. ಇನ್ನೊಂದು ತೂಕಡಿಕೆ, ಇನ್ನೊಂದು ಸಲ ಅದೇ ವಾಕ್ಯ. ಪಾಪ ಹುಡುಗರು, ಮೇಷ್ಟ್ರು ಒತ್ತಿ ಒತ್ತಿ ಹೇಳುತ್ತಿದ್ದಾರೆ ಎಂದುಕೊಂಡು ಎಲ್ಲವನ್ನೂ ಬರೆದುಕೊಂಡವು. ಪರೀಕ್ಷೆಯಲ್ಲಿ ಮೊದಲ ಬೆಂಚಿನ ಹುಡುಗಿಯೊಬ್ಬಳು ಆ ಮಾತನ್ನು ಮೂರು ಸಲ ಬರೆದು, ಕೊನೆಯದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಇನ್ನೇನು ಮಾಡಲಿ, ಪೂರ್ತಿ ಅಂಕ ಕೊಟ್ಟೆ.

ಈಗ ನಿವೃತ್ತಿಯಾಗಿದೆ. ಮಧ್ಯಾಹ್ನದ ನಿದ್ದೆಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಹಾಗಾಗಿ ಅದು ಬರುವುದೂ ಇಲ್ಲ. ಜಗಲಿಯ ಮೇಲೆ ಕೂತು ಬೀದಿ ನೋಡುವುದೇ ಕಸುಬು. ಪಕ್ಕದ ಮನೆಯ ಹುಡುಗ ಇಂಜಿನಿಯರು. ಅಮೆರಿಕದವರು ಎದ್ದಿರುವಷ್ಟು ಹೊತ್ತು ಅವನೂ ಎದ್ದಿರಬೇಕಂತೆ. ರಾತ್ರಿಯೆಲ್ಲ ಲ್ಯಾಪ್‌ಟಾಪಿನ ಮುಂದೆ. ಬೆಳಿಗ್ಗೆ ನಾನು ಹಾಲು ತರಲು ಹೊರಟಾಗ ಅವನು ಕಸದ ಗಾಡಿಗೆ ಹಾಕಲು ನೀಲಿ ಬೆಳ್ಳಿ ಬಣ್ಣದ ತೆಳ್ಳನೆಯ ಡಬ್ಬಿಗಳನ್ನು ಹಿಡಿದು ನಿಂತಿರುತ್ತಾನೆ. ಅವನ ತಾಯಿ ಮೊದಮೊದಲು ಅದು ಬಿಯರ್ ಎಂದೇ ತಿಳಿದು ಅತ್ತಿದ್ದರು. ಮಗ ಕೂರಿಸಿ ತಿಳಿಹೇಳಿದ ಮೇಲೆ ಸಮಾಧಾನವಾಗಿ, ಈಗ ಅವುಗಳ ಬಾಯಿ ಕತ್ತರಿಸಿ ಮನಿ ಪ್ಲಾಂಟ್ ನೆಟ್ಟು ಕಾಂಪೌಂಡಿನ ಉದ್ದಕ್ಕೂ ಸಾಲಾಗಿ ಇಟ್ಟಿದ್ದಾರೆ. ಒಂದು ಬೆಳಿಗ್ಗೆ ಹುಡುಗ ಹೇಳಿದ: "ಅಂಕಲ್, ಈ ಕಂಪನಿ ಕಥೆ ಓದಿ. ನಿಮ್ಮ ಸಬ್ಜೆಕ್ಟೇ." ಓದಿದೆ. ಓದುತ್ತಾ ಹೋದಂತೆ, ನಾನು ಬರೆಸಿದ ನೋಟ್ಸನ್ನು ಸುಳ್ಳು ಮಾಡಲೆಂದೇ ಯಾರೋ ಹಟ ತೊಟ್ಟು ಈ ರೆಡ್ ಬುಲ್ ಕಂಪನಿಯನ್ನು ಕಟ್ಟಿದ್ದಾರೇನೋ ಎನ್ನಿಸತೊಡಗಿತು.

ಮೊದಲು ಡಬ್ಬಿಯನ್ನೇ ನೋಡೋಣ. ಕನ್ನಡಕ ಏರಿಸಿ, ಇರುವೆ ಗಾತ್ರದ ಅಕ್ಷರಗಳನ್ನು ಬಿಸಿಲಿಗೆ ಹಿಡಿದು ಓದಿದರೆ ಒಳಗಿನ ರಹಸ್ಯವೆಲ್ಲ ಬಯಲು: ನೀರು, ಸಕ್ಕರೆ, ಗ್ಯಾಸು, ಕೆಫೀನು, ಟೌರಿನ್ನು, ಬಿ ಗುಂಪಿನ ಕೆಲವು ವಿಟಮಿನ್ನು. 250 ಮಿಲಿಲೀಟರಿನಲ್ಲಿ ಸಕ್ಕರೆ ಹೆಚ್ಚುಕಡಿಮೆ 27 ಗ್ರಾಂ, ಅಂದರೆ ಆರೇಳು ಚಮಚ. ಹೊರದೇಶಗಳಲ್ಲಿ ಮಾರುವ ಡಬ್ಬಿಯಲ್ಲಿ ಕೆಫೀನು 80 ಮಿಲಿಗ್ರಾಂ. ಗಟ್ಟಿಯಾದ ಒಂದು ಲೋಟ ಕಾಫಿಯಲ್ಲಿ ಇರುವಷ್ಟೇ. ಇನ್ನು ಟೌರಿನ್. ಗೂಳಿಯ ಯಾವ ಯಾವುದೋ ಅಂಗದಿಂದ ಅದನ್ನು ತೆಗೆಯುತ್ತಾರೆ ಎಂದು ಹುಡುಗರು ಪಿಸುಗುಡುವುದುಂಟು. ಅಂಥದ್ದೇನೂ ಇಲ್ಲ. 1827ರಲ್ಲಿ ಇಬ್ಬರು ಜರ್ಮನ್ ವಿಜ್ಞಾನಿಗಳು ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ, ನಿಜ. ಈಗ ಅದು ಕಾರ್ಖಾನೆಯಲ್ಲಿ ತಯಾರಾಗುವ ಪುಡಿ. ಎತ್ತಿಗೂ ಅದಕ್ಕೂ ಸಂಬಂಧವಿಲ್ಲ. ಅದು ನಮ್ಮ ನಿಮ್ಮ ಮೈಯಲ್ಲೂ ತಾನಾಗಿಯೇ ಹುಟ್ಟುತ್ತದೆ. ಇದನ್ನೆಲ್ಲ ನಮ್ಮವಳಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟಂತೆ?" ನೂರಕ್ಕೂ ಮೇಲೆ ಅಂದೆ. "ಆ ದುಡ್ಡಿಗೆ ನೂರು ಗ್ರಾಂ ಕಾಫಿಪುಡಿ ಬರುತ್ತೆ, ಒಂದು ವಾರ ಎಚ್ಚರ ಇರ್ಬೋದು" ಎಂದು ಒಳಗೆ ಹೋದಳು. ಅರ್ಥಶಾಸ್ತ್ರ ಓದಿದ್ದು ನಾನು, ತಿಳಿದಿರುವುದು ಅವಳಿಗೆ.

ಈ ಕಥೆಯ ಬೇರು ಜಪಾನಿನಲ್ಲಿದೆ. ಅಲ್ಲಿ ತೈಶೋ ಎಂಬ ಔಷಧಿ ಕಂಪನಿ 1962ರಲ್ಲಿ ಲಿಪೋವಿಟಾನ್ ಡಿ ಎಂಬ ಟಾನಿಕ್ಕನ್ನು ಪುಟ್ಟ ಕಂದು ಬಾಟಲಿಯಲ್ಲಿ ಮಾರತೊಡಗಿತು. ಯುದ್ಧದಲ್ಲಿ ಸೋತ ದೇಶ ತಲೆ ಎತ್ತಲೆಂದು ಹಗಲಿರುಳು ದುಡಿಯುತ್ತಿದ್ದ ಕಾಲ. ಆಫೀಸಿನವರು, ಕಾರ್ಖಾನೆಯವರು ಔಷಧಿ ಅಂಗಡಿಯ ಮುಂದೆ ನಿಂತು ಗಟಗಟನೆ ಕುಡಿದು ಮತ್ತೆ ಕೆಲಸಕ್ಕೆ ಓಡುವವರು. ನನ್ನ ಬಾಲ್ಯದಲ್ಲೂ ಟಾನಿಕ್ ಇತ್ತು. ಅದನ್ನು ಡಾಕ್ಟರು ಬರೆದುಕೊಡುತ್ತಿದ್ದರು, ಅಪ್ಪ ಬಾಟಲಿಯ ಮೇಲೆ ಕಾಗದದ ಪಟ್ಟಿ ಅಂಟಿಸಿ ಗುರುತು ಹಾಕುತ್ತಿದ್ದರು, ಅಮ್ಮ ದಿನಕ್ಕೆರಡು ಚಮಚ ಮೂಗು ಹಿಡಿದು ಕುಡಿಸುತ್ತಿದ್ದಳು. ಟಾನಿಕ್ಕನ್ನು ಒಬ್ಬ ಮನುಷ್ಯ ತನ್ನ ಸ್ವಂತ ದುಡ್ಡು ಕೊಟ್ಟು, ಸ್ವಂತ ಇಚ್ಛೆಯಿಂದ, ಬೀದಿಯಲ್ಲಿ ನಿಂತು ಕುಡಿದಾನು ಎಂಬ ಕಲ್ಪನೆಯೇ ನಮಗಿರಲಿಲ್ಲ.

ಜಪಾನಿನ ಟಾನಿಕ್ಕು ಥಾಯ್ಲೆಂಡಿಗೂ ಬಂತು. ಅಲ್ಲಿ ಚಲಿಯೊ ಯೂವಿದ್ಯಾ ಎಂಬುವರು ಕಣ್ಣಿಟ್ಟು ನೋಡುತ್ತಿದ್ದರು. ಫಿಚಿತ್ ಪ್ರಾಂತ್ಯದಲ್ಲಿ ಬಾತುಕೋಳಿ ಸಾಕಿ, ಹಣ್ಣು ಮಾರಿ ಬದುಕುತ್ತಿದ್ದ ಚೀನೀ ಮೂಲದ ಬಡ ಕುಟುಂಬದ ಮಗ. ಬ್ಯಾಂಕಾಕಿಗೆ ಬಂದು ಔಷಧಿ ವ್ಯಾಪಾರ ಮಾಡಿ ಸ್ವಂತ ಕಂಪನಿ ಕಟ್ಟಿದವರು. 1970ರ ದಶಕದ ನಡುವಿನಲ್ಲಿ ಅವರು ತಮ್ಮದೇ ಒಂದು ಟಾನಿಕ್ ಹೊರತಂದರು: ಕ್ರತಿಂಗ್ ದೇಂಗ್. ಯಾರಿಗಾಗಿ? ಲಾರಿ ಡ್ರೈವರುಗಳಿಗೆ, ಕಟ್ಟಡ ಕೆಲಸದವರಿಗೆ, ಬತ್ತದ ಗದ್ದೆಯವರಿಗೆ. ಅಗ್ಗದ ಬೆಲೆ, ಸಣ್ಣ ಬಾಟಲಿ, ಸಿಹಿಯೋ ಸಿಹಿ, ಗ್ಯಾಸಿಲ್ಲ. ಥಾಯ್ ಬಾಕ್ಸಿಂಗ್ ಪಂದ್ಯಗಳಲ್ಲಿ ಪ್ರಚಾರ. ಬಾಟಲಿಯ ಮೇಲೆ ಸೂರ್ಯನ ಮುಂದೆ ಎದುರುಬದುರಾಗಿ ನುಗ್ಗುವ ಎರಡು ಕೆಂಪು ಪ್ರಾಣಿಗಳ ಚಿತ್ರ. ಈ ಪ್ರಾಣಿಯನ್ನು ಮೂಡಿಗೆರೆ ಸಕಲೇಶಪುರದ ತೋಟದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದು ನಮ್ಮ ಕಾಟಿ, ಕಾಡುಕೋಣ. ಬಂಡೀಪುರದಲ್ಲಿ ಜೀಪಿನವರು ನಿಲ್ಲಿಸಿ ತೋರಿಸುವ ಪ್ರಾಣಿ. ಮಲೆನಾಡಿನಲ್ಲಿ ಕಾಫಿ ಗಿಡ ತುಳಿದು ಬೇಲಿ ಮುರಿದು ಬೈಸಿಕೊಳ್ಳುವ ಪ್ರಾಣಿ. ಥಾಯ್ಲೆಂಡಿನಿಂದ ಯೂರೋಪಿಗೆ ಹೋದ ಮೇಲೆ ಅದು ಗೂಳಿಯಾಯಿತು. ಸೀಮೆ ದಾಟಿದವರು ಜಾತಿ ಬದಲಾಯಿಸಿಕೊಳ್ಳುವುದು ಹೊಸದೇನಲ್ಲ ಬಿಡಿ.

ಅದನ್ನು ಯೂರೋಪಿಗೆ ಕರೆದೊಯ್ದವರು ಡೀಟ್ರಿಖ್ ಮಾಟೆಶಿಟ್ಸ್. ಆಸ್ಟ್ರಿಯಾದವರು, 1944ರಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ಪ್ರೈಮರಿ ಶಾಲೆಯ ಮೇಷ್ಟ್ರುಗಳು. ಮಗ ವಿಯೆನ್ನಾದಲ್ಲಿ ವಾಣಿಜ್ಯ ಓದಿ ಪದವಿ ಮುಗಿಸಲು ತೆಗೆದುಕೊಂಡದ್ದು ಹತ್ತು ವರ್ಷ! ಈ ಸಾಲು ಓದಿದಾಗ ನನ್ನ ಕ್ಲಾಸಿನ ಕೊನೆಯ ಬೆಂಚಿನ ಹಲವು ಮುಖಗಳು ಕಣ್ಣ ಮುಂದೆ ಬಂದವು. ಅವರ ಅಪ್ಪಂದಿರನ್ನು ಕರೆಸಿ "ನಿಮ್ಮ ಮಗ ಉದ್ಧಾರ ಆಗಲ್ಲ" ಎಂದು ಎಷ್ಟು ಖಚಿತವಾಗಿ ಹೇಳಿ ಕಳಿಸುತ್ತಿದ್ದೆವು! ಸದ್ಯ, ಆಸ್ಟ್ರಿಯಾದ ಆ ಕಾಲೇಜಿನಲ್ಲಿ ನಾನು ಕೆಲಸಕ್ಕಿರಲಿಲ್ಲ.

ಮಾಟೆಶಿಟ್ಸ್ ಆಮೇಲೆ ಬ್ಲೆಂಡಾಕ್ಸ್ ಎಂಬ ಜರ್ಮನ್ ಕಂಪನಿಯ ಟೂತ್‌ಪೇಸ್ಟನ್ನು ದೇಶದೇಶ ಸುತ್ತಿ ಮಾರುವ ಕೆಲಸ ಹಿಡಿದರು. ನಲವತ್ತರ ಹತ್ತಿರದ ವಯಸ್ಸು, ಸೂಟ್‌ಕೇಸು, ಒಂದೇ ಥರ ಕಾಣುವ ಹೋಟೆಲು ರೂಮುಗಳು. 1982ರಲ್ಲಿ ವಿಮಾನದಲ್ಲಿ ನಿದ್ದೆಗೆಟ್ಟು ಬ್ಯಾಂಕಾಕಿನಲ್ಲಿ ಇಳಿದಾಗ ಅಲ್ಲಿನ ಲಾರಿ ಡ್ರೈವರುಗಳ ಟಾನಿಕ್ಕು ಕುಡಿದರು. ಆಯಾಸ ಹೋಯಿತು. ಮುಂದೆ ಹಾಂಕಾಂಗಿನ ಹೋಟೆಲೊಂದರಲ್ಲಿ ಕೂತು ಪತ್ರಿಕೆ ತಿರುವುವಾಗ, ಜಪಾನಿನಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುವ ಕಂಪನಿ ಕಾರಿನದಲ್ಲ, ರೇಡಿಯೋದ್ದಲ್ಲ, ಲಿಪೋವಿಟಾನ್ ಮಾಡುವ ತೈಶೋ ಎಂದು ಓದಿದರಂತೆ. ಬೇರೆ ಯಾರೇ ಆದರೂ "ಓಹೋ" ಎಂದು ಪುಟ ತಿರುಗಿಸುತ್ತಿದ್ದರು. ಟೂತ್‌ಪೇಸ್ಟಿನವರ ತಲೆ ಬೇರೆ ಥರ ಓಡಿತು. ಕ್ರತಿಂಗ್ ದೇಂಗ್‌ನ ಚಲಿಯೊ ಅವರೇ ಥಾಯ್ಲೆಂಡಿನಲ್ಲಿ ಬ್ಲೆಂಡಾಕ್ಸಿನ ಪಾಲುದಾರರು. ಪರಿಚಯಕ್ಕೆ ಯಾರ ಕಾಲೂ ಹಿಡಿಯಬೇಕಾಗಿರಲಿಲ್ಲ. 1984ರಲ್ಲಿ ಇಬ್ಬರೂ ತಲಾ ಐದು ಲಕ್ಷ ಡಾಲರ್ ಹಾಕಿ ಕಂಪನಿ ಮಾಡಿದರು. ಇಬ್ಬರಿಗೂ ನೂರಕ್ಕೆ 49 ಪಾಲು, ಉಳಿದ ಎರಡು ಚಲಿಯೊ ಅವರ ಮಗನಿಗೆ. ನಡೆಸುವ ಹೊಣೆ ಪೂರ್ತಿ ಮಾಟೆಶಿಟ್ಸ್ ಅವರದು. ಅಲ್ಪಸಂಖ್ಯಾತ ಪಾಲುದಾರನಿಗೆ ಸ್ಟೀರಿಂಗು ಬಿಟ್ಟುಕೊಟ್ಟು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುವ ಬಹುಸಂಖ್ಯಾತ ಪಾಲುದಾರ! ಕೊಬ್ಬರಿ ಮಂಡಿಯಲ್ಲಿ ಅಣ್ಣ ತಮ್ಮಂದಿರೇ ಒಂದು ವರ್ಷ ಹಾಗೆ ಕೂರಲಾರದ್ದನ್ನು ನಮ್ಮೂರಿನಲ್ಲಿ ಕಂಡವನು ನಾನು.

ಇನ್ನು ನನ್ನ ನೋಟ್ಸಿನ ಸರದಿ. ಮಾರುಕಟ್ಟೆಗೆ ಇಳಿಯುವ ಮೊದಲು ಸಮೀಕ್ಷೆ ಮಾಡಿಸು, ಗ್ರಾಹಕನ ಅಭಿಪ್ರಾಯಕ್ಕೆ ತಲೆಬಾಗು ಎಂದು ಬರೆಸುತ್ತಿದ್ದೆ. ಇವರು ಸಮೀಕ್ಷೆಯನ್ನೇನೋ ಮಾಡಿಸಿದರು. ಬಣ್ಣ ಚೆನ್ನಾಗಿಲ್ಲ, ಬಾಯಿಗೆ ಅಂಟುತ್ತದೆ, ರುಚಿ ಸಹಿಸಲಾಗದು ಎಂದು ಕುಡಿದವರು ಉಗಿದರು. ಇಷ್ಟು ಹೀನಾಯವಾಗಿ ಸೋತ ಹೊಸ ಸರಕನ್ನು ತಾವು ಕಂಡೇ ಇಲ್ಲ ಎಂದು ಸಮೀಕ್ಷೆಯವರು ವರದಿ ಕೊಟ್ಟರು. ಮಾಟೆಶಿಟ್ಸ್ ವರದಿಯನ್ನು ಪಕ್ಕಕ್ಕಿಟ್ಟರು. ಗ್ಯಾಸು ಸೇರಿಸಿ, ಸಿಹಿ ಕಡಿಮೆ ಮಾಡಿ, ಡಬ್ಬಿಯ ವಿನ್ಯಾಸವೆಲ್ಲ ಸೇರಿ ಮೂರು ವರ್ಷ ಒದ್ದಾಡಿ, 1987ರ ಏಪ್ರಿಲ್ 1ರಂದು ಆಸ್ಟ್ರಿಯಾದಲ್ಲಿ ಮಾರಾಟಕ್ಕೆ ಬಿಟ್ಟರು. ಮೂರ್ಖರ ದಿನವೇ ಸಿಕ್ಕಿತೇ ಎಂದು ಕೇಳಬೇಡಿ. ನಮ್ಮ ಜೋಯಿಸರನ್ನು ಕೇಳಿದ್ದರೆ ಬೇರೆ ಮುಹೂರ್ತ ಹುಡುಕಿಕೊಡುತ್ತಿದ್ದರು.

ಹೊಸ ಸರಕನ್ನು ಅಗ್ಗದ ಬೆಲೆಗೆ ಬಿಟ್ಟು ಗಿರಾಕಿಯನ್ನು ಸೆಳೆ ಎಂದೂ ಬರೆಸಿದ್ದೆ. ಇವರು ಕೋಲಾಗಿಂತ ಎಷ್ಟೋ ಹೆಚ್ಚು ಬೆಲೆ ಇಟ್ಟರು, ಡಬ್ಬಿಯನ್ನು ಚಿಕ್ಕದು ಮಾಡಿದರು. ಬೆಲೆ ಇಷ್ಟಿದೆ ಎಂದ ಮೇಲೆ ಒಳಗೆ ಏನೋ ಇರಲೇಬೇಕು ಎಂದು ಜನ ತಾವೇ ತೀರ್ಮಾನಿಸಿದರು. ಇದು ನಮಗೆ ಗೊತ್ತಿಲ್ಲದ್ದಲ್ಲ. ಇಪ್ಪತ್ತು ರೂಪಾಯಿ ಫೀಸಿನ ಡಾಕ್ಟರ ಔಷಧಿ ನಾಟುವುದಿಲ್ಲ. ಐನೂರು ತೆಗೆದುಕೊಳ್ಳುವವರು ಅದೇ ಮಾತ್ರೆ ಬರೆದರೆ ಮೆಡಿಕಲ್ ಸ್ಟೋರಿನ ಮೆಟ್ಟಿಲಲ್ಲೇ ಜ್ವರ ಇಳಿಯತೊಡಗುತ್ತದೆ.

ಪತ್ರಿಕೆಯಲ್ಲಿ ಜಾಹೀರಾತು, ಅಂಗಡಿಯಲ್ಲಿ ರಿಯಾಯಿತಿ ಎಂದು ಬರೆಸಿದ್ದೆ. ಇವರು ಕಾಲೇಜು ಹುಡುಗರನ್ನು ಹಿಡಿದು ಅವರ ಕೈಗೆ ಪುಕ್ಕಟೆ ಡಬ್ಬಿ ಕೊಟ್ಟು, ಹೋಗಿ ಸ್ನೇಹಿತರ ಜೊತೆ ಪಾರ್ಟಿ ಮಾಡಿ ಎಂದರು. ಬೆನ್ನ ಮೇಲೆ ಆಳೆತ್ತರದ ಡಬ್ಬಿ ಹೊತ್ತ ಪುಟ್ಟ ಕಾರುಗಳಲ್ಲಿ ಹುಡುಗ ಹುಡುಗಿಯರನ್ನು ಕೂರಿಸಿ, ಪರೀಕ್ಷೆಗೆ ಓದುವವರು, ರಾತ್ರಿ ಪಾಳಿಯವರು, ಕುಣಿಯುವವರು ಎಲ್ಲಿದ್ದಾರೋ ಅಲ್ಲಿಗೇ ಕಳಿಸಿದರು. ಘೋಷವಾಕ್ಯದ್ದೊಂದು ಕಥೆಯಿದೆ. ಯೋಹಾನೆಸ್ ಕಾಸ್ಟ್‌ನರ್ ಎಂಬ ಜಾಹೀರಾತಿನ ಗೆಳೆಯ ಎಷ್ಟು ಬರೆದುಕೊಟ್ಟರೂ ಇವರಿಗೆ ಒಪ್ಪಿಗೆಯಿಲ್ಲ. ಬೇರೆ ಯಾರನ್ನಾದರೂ ಹುಡುಕಿಕೋ ಮಾರಾಯ ಎಂದು ಆತ ಕೈಚೆಲ್ಲಿದ. ಇನ್ನೊಂದು ರಾತ್ರಿ ನಿದ್ದೆಗೆಡು ಎಂದು ಇವರು ಕೇಳಿಕೊಂಡರು. ರಾತ್ರಿ ಮೂರು ಗಂಟೆಗೆ ಫೋನು ಬಂತಂತೆ: "ರೆಡ್ ಬುಲ್ ರೆಕ್ಕೆ ಕೊಡುತ್ತದೆ." ಆ ಹೊತ್ತಿಗೆ ಕಾಸ್ಟ್‌ನರ್ ಏನು ಕುಡಿದು ಎದ್ದಿದ್ದರೋ, ಕಥೆ ಹೇಳುವವರು ಅದನ್ನು ಹೇಳುವುದಿಲ್ಲ.

ರೆಕ್ಕೆ ಕೊಡುತ್ತೇವೆ ಎಂದ ಮೇಲೆ ಹಾರಿಸಿ ತೋರಿಸಬೇಕಲ್ಲ? 1992ರಲ್ಲಿ ವಿಯೆನ್ನಾದಲ್ಲಿ ಒಂದು ಜಾತ್ರೆ ಶುರು ಮಾಡಿದರು. ಯಾರು ಬೇಕಾದರೂ ಮನೆಯಲ್ಲೇ ಕಟ್ಟಿದ ವಿಮಾನ ತರಬಹುದು. ಎತ್ತರದ ಅಟ್ಟದಿಂದ ತಳ್ಳಿ ಹಾರಿಸಬೇಕು, ಕೆಳಗೆ ನೀರು. ಹೆಚ್ಚಿನ ವಿಮಾನಗಳು ಸೀದಾ ನೀರಿಗೇ. ಹಾರದ ವಿಮಾನ ನೋಡಲು ಜನ ಮುಗಿಬಿದ್ದರು. ಆ ಜಾತ್ರೆ ಈಗ ಊರೂರಿನಲ್ಲಿ ನಡೆಯುತ್ತದೆ. 2004ರಲ್ಲಿ ಫೋರ್ಡ್ ಕಂಪನಿಯಿಂದ ಜಾಗ್ವಾರ್ ರೇಸಿಂಗ್ ತಂಡವನ್ನು ಹೆಸರಿಗೆ ಒಂದು ಡಾಲರ್ ಕೊಟ್ಟು ಕೊಂಡರು. ಒಂದು ಡಾಲರಿಗೆ ಸಿಕ್ಕಿದ್ದರಲ್ಲಿ ಮುಂದೆ ಎಷ್ಟು ಕೋಟಿ ಸುರಿಯಬೇಕೆಂದು ಹಳೆಯ ಕಾರು ಕೊಂಡ ನನ್ನಂಥವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಕಾರು ರಿಪೇರಿಗೆ ಹೋಯಿತು, ಅವರದು 2010ರಿಂದ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್ ಆಯಿತು. ದಿಲ್ಲಿ ಪಕ್ಕದ ಗ್ರೇಟರ್ ನೊಯ್ಡಾದಲ್ಲಿ 2011, 2012, 2013ರಲ್ಲಿ ನಡೆದ ಮೂರು ಫಾರ್ಮುಲಾ ಒನ್ ರೇಸುಗಳನ್ನೂ ಗೆದ್ದದ್ದು ಅವರ ಸೆಬಾಸ್ಟಿಯನ್ ವೆಟ್ಟೆಲ್. ಫುಟ್‌ಬಾಲ್ ತಂಡಗಳನ್ನು ಕೊಂಡರು, ಟೀವಿ ಚಾನೆಲ್ ಮಾಡಿದರು, ಪತ್ರಿಕೆ ಹೊರಡಿಸಿದರು.

ಎಲ್ಲಕ್ಕಿಂತ ಮೇಲೆ, ಅಕ್ಷರಶಃ ಮೇಲೆ, 2012ರ ಅಕ್ಟೋಬರ್ 14. ಫೆಲಿಕ್ಸ್ ಬೌಮ್‌ಗಾರ್ಟ್‌ನರ್ ಎಂಬ ಆಸ್ಟ್ರಿಯನ್ ಸಾಹಸಿ ಬಲೂನಿನಲ್ಲಿ ಸುಮಾರು 39 ಕಿಲೋಮೀಟರ್ ಎತ್ತರಕ್ಕೆ ಏರಿ, ಅಲ್ಲಿಂದ ಧುಮುಕಿ, ಬೀಳುತ್ತಾ ಬೀಳುತ್ತಾ ಶಬ್ದದ ವೇಗವನ್ನೂ ದಾಟಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಕಾಲೂರಿ ನಿಂತರು. ಯೂಟ್ಯೂಬಿನಲ್ಲೇ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ನೋಡಿದರು. ಯಾರೂ ಅದನ್ನು ಜಾಹೀರಾತು ಅನ್ನಲಿಲ್ಲ, ನೋಡಿ. ಟೀವಿಯವರು ಸುದ್ದಿ ಅಂದರು, ವಿಜ್ಞಾನದ ಮೇಷ್ಟ್ರುಗಳು ಪಾಠ ಅಂದರು. ಉಡುಪಿನ ಮೇಲೆ ಇದ್ದದ್ದು ಮಾತ್ರ ಆ ಎರಡು ಕಾಟಿಗಳ ಚಿತ್ರ.

ಇಷ್ಟೆಲ್ಲ ಮಾಡುವ ಕಂಪನಿ ಪಾನೀಯವನ್ನು ತಯಾರಿಸುವುದು ಎಲ್ಲಿ ಎಂದು ಹುಡುಕಿದೆ. ಡಬ್ಬಿ ತುಂಬಿಸುವುದು ರೌಖ್ ಎಂಬ ಹಣ್ಣಿನ ರಸದ ಕಂಪನಿ. ಆಸ್ಟ್ರಿಯಾದ ನ್ಯೂಟ್ಸಿಡರ್ಸ್‌ನಲ್ಲೂ ಸ್ವಿಟ್ಜರ್‌ಲೆಂಡಿನ ವಿಡ್ನೌನಲ್ಲೂ ಅದರ ಕಾರ್ಖಾನೆ. ಅದಕ್ಕೆ ಅಂಟಿಕೊಂಡೇ ಖಾಲಿ ಡಬ್ಬಿ ಮಾಡುವ ಇನ್ನೊಬ್ಬರ ಕಾರ್ಖಾನೆ. ಡಬ್ಬಿ ಗೋಡೆಯ ಆಚೆ ಹುಟ್ಟಿ, ಈಚೆ ಬಂದು ತುಂಬಿಕೊಂಡು, ರೈಲು ಹತ್ತಿ ಬಂದರಿಗೆ ಹೋಗುತ್ತದೆ. ರೆಡ್ ಬುಲ್ ಕಂಪನಿಯ ಮುಖ್ಯ ಕಚೇರಿ ಇರುವುದು ಸಾಲ್ಜ್‌ಬರ್ಗ್ ಬಳಿಯ ಫುಶ್ಲ್ ಎಂಬ ಹಳ್ಳಿಯಲ್ಲಿ, ಸರೋವರದ ದಂಡೆಯ ಮೇಲೆ. ತನ್ನ ಕೈಯಿಂದ ಏನನ್ನೂ ತಯಾರಿಸದೆ 2024ರಲ್ಲಿ ಆ ಕಂಪನಿ ಮಾರಿದ್ದು ಸುಮಾರು 1,267 ಕೋಟಿ ಡಬ್ಬಿ. ವಹಿವಾಟು ಸುಮಾರು 1,123 ಕೋಟಿ ಯೂರೋ. ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ, ತೊಟ್ಟಿಲ ಕೂಸಿನಿಂದ ಹಿಡಿದು ನಮ್ಮ ಬೀದಿ ಕೊನೆಯ ತೊಂಬತ್ತರ ಅಜ್ಜಿಯವರೆಗೆ, ತಲಾ ಒಂದೂವರೆ ಡಬ್ಬಿ. ನನ್ನ ಪಾಲಿನದನ್ನು ಪಕ್ಕದ ಮನೆ ಹುಡುಗ ಕುಡಿದಿದ್ದಾನೆ. ಅಜ್ಜಿಯದನ್ನೂ ಅವನೇ.

ಚಲಿಯೊ 2012ರಲ್ಲಿ, ಮಾಟೆಶಿಟ್ಸ್ 2022ರಲ್ಲಿ ತೀರಿಕೊಂಡರು. ಪಾಲುಗಳು ಈಗ ಮಕ್ಕಳದು. ನಡುವೆ ಕಂಪನಿಗೆ ತೊಡಕುಗಳು ಬರದೇ ಇರಲಿಲ್ಲ. ಫ್ರಾನ್ಸಿನವರು 2008ರವರೆಗೆ ಮೂಲ ರೆಡ್ ಬುಲ್ಲನ್ನು ಒಳಗೆ ಬಿಡಲಿಲ್ಲ. ಅಮೆರಿಕದಲ್ಲಿ, ನಿಮ್ಮ ಪಾನೀಯ ಒಂದು ಲೋಟ ಕಾಫಿಗಿಂತ ಹೆಚ್ಚೇನು ಮಾಡುತ್ತದೆ, ಜಾಹೀರಾತಿನಲ್ಲಿ ಏಕೆ ಹಾಗೆ ಬಡಾಯಿ ಕೊಚ್ಚುತ್ತೀರಿ ಎಂದು ಗಿರಾಕಿಗಳು ಕೋರ್ಟಿಗೆ ಹೋದರು. 2014ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆಯೇ 1.3 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಒಬ್ಬೊಬ್ಬರಿಗೆ ಹತ್ತು ಡಾಲರ್ ನಗದು, ಇಲ್ಲವೇ ಹದಿನೈದು ಡಾಲರಿನ ಡಬ್ಬಿಗಳು ಎಂದು ಘೋಷಣೆಯಾಯಿತು. ಅರ್ಜಿ ಹಾಕಲು ಜನ ಸಾಲುಗಟ್ಟಿದ್ದರಿಂದ ಕೊನೆಗೆ ಕೈಗೆ ಬಂದದ್ದು ಅದಕ್ಕೂ ಕಡಿಮೆ. ಬಡಾಯಿಗೆ ಮೋಸಹೋದವರಲ್ಲಿ ಎಷ್ಟು ಜನ ಪರಿಹಾರವಾಗಿ ಡಬ್ಬಿಯನ್ನೇ ಆರಿಸಿಕೊಂಡಿರಬಹುದು ಎಂದು ಯೋಚಿಸಿ ನಾನೊಬ್ಬನೇ ನಕ್ಕೆ.

ಹಾಗಾದರೆ ಈ ಎಚ್ಚರ ಬರುವುದಾದರೂ ಹೇಗೆ? ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಮಗೆ ಆಕಳಿಕೆ. ಕೆಫೀನು ಮಾಡುವುದಿಷ್ಟೇ: ಕೆಂಪು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಜಾಣನ ಕೆಲಸ. ಅಡಿನೋಸಿನ್ ಬಂದು ನೋಡುತ್ತದೆ, ಎಲ್ಲ ಸೀಟಿನ ಮೇಲೂ ಟವೆಲ್ಲು. ಪಾಪ, ಕಂಬಿ ಹಿಡಿದು ನಿಂತಿರುತ್ತದೆ. ಅದು ಬಸ್ಸಿಳಿದು ಹೋಗಿಲ್ಲ, ಗಮನವಿಟ್ಟು ಕೇಳಿ; ನಿಂತೇ ಇದೆ, ನಿಲ್ದಾಣ ನಿಲ್ದಾಣಕ್ಕೂ ಇನ್ನಷ್ಟು ಜನ ಹತ್ತುತ್ತಲೇ ಇದ್ದಾರೆ. ಐದಾರು ಗಂಟೆ ಕಳೆದರೆ ಟವೆಲ್ಲಿನವರಲ್ಲಿ ಅರ್ಧಕ್ಕರ್ಧ ಇಳಿದುಹೋಗಿರುತ್ತಾರೆ. ಆಗ ನಿಂತವರೆಲ್ಲ ಒಮ್ಮೆಲೇ ದಡದಡ ಕೂರುತ್ತಾರೆ. ಆ ಹೊತ್ತಿನಲ್ಲಿ ನೀವು ಮನೆಯ ಹಾಸಿಗೆಯ ಮೇಲಿದ್ದರೆ ಪುಣ್ಯವಂತರು. ಆಯಾಸ ಹೋಯಿತು ಎಂದು ಬ್ಯಾಂಕಾಕಿನಲ್ಲಿ ಮಾಟೆಶಿಟ್ಸ್ ಅವರಿಗೆ ಅನ್ನಿಸಿತಲ್ಲ, ಅದು ಎಲ್ಲಿಗೂ ಹೋಗಿರಲಿಲ್ಲ.

ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನು ಇರಕೂಡದು. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ತಕ್ಕುದಲ್ಲ, ದಿನಕ್ಕೆ 500 ಮಿಲಿಲೀಟರ್ ಮೀರಬೇಡಿ ಎಂದು ಡಬ್ಬಿಯ ಮೇಲೆ ಬರೆದಿರಬೇಕು. ಬರೆದಿರುತ್ತಾರೆ. ನಾನು ಬಿಸಿಲಿಗೆ ಹಿಡಿದು ಓದಿದ್ದರಲ್ಲಿ ಅದೂ ಇತ್ತು.

ನಮ್ಮ ಬೀದಿ ಮೂಲೆಯ ಶೆಟ್ಟರ ಅಂಗಡಿಯ ಫ್ರಿಜ್ಜಿನಲ್ಲಿ ಈಗ ಕೆಳಗಿನ ಎರಡು ಅಂತಸ್ತು ಎನರ್ಜಿ ಡ್ರಿಂಕಿಗೇ ಮೀಸಲು. ಮಜ್ಜಿಗೆ ಪ್ಯಾಕೆಟ್ಟು ಮೇಲಕ್ಕೆ ಸರಿದಿದೆ, ಗೋಲಿ ಸೋಡಾ ಹೊರಗೆ ಕ್ರೇಟಿನಲ್ಲಿ ಬಿಸಿಲು ಕಾಯುತ್ತಿದೆ. ಮುಂದಿನ ಸಾಲಿನಲ್ಲಿರುವುದು ರೆಡ್ ಬುಲ್ ಅಲ್ಲ. ಪೆಪ್ಸಿಯವರು ಸ್ಟಿಂಗ್ ಎಂಬ ಕೆಂಪು ಪಾನೀಯವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 20 ರೂಪಾಯಿಗೆ ಬಿಟ್ಟ ಮೇಲೆ ಇಡೀ ದೇಶದ ಗೂಡಂಗಡಿಗಳ ಲೆಕ್ಕವೇ ಬದಲಾಯಿತು. "ಡಬ್ಬಿ ಕೇಳೋರು ಬೈಕ್‌ನಲ್ಲಿ ಬರ್ತಾರೆ ಮೇಷ್ಟ್ರೇ, ಬಾಟ್ಲಿ ಕೇಳೋರು ಗಾರೆ ಕೆಲಸದಿಂದ ಬರ್ತಾರೆ" ಎಂದರು ಶೆಟ್ಟರು. ಒಂದೇ ಮಾತಿನಲ್ಲಿ ಮಾರುಕಟ್ಟೆ ವಿಂಗಡಣೆಯ ಇಡೀ ಅಧ್ಯಾಯ ಮುಗಿಸಿದರು. ನಾನು ಅದಕ್ಕೆ ಎಂಟು ಪೀರಿಯಡ್ಡು ತೆಗೆದುಕೊಳ್ಳುತ್ತಿದ್ದೆ.

ಚಿತ್ರದುರ್ಗದಲ್ಲಿ ನೆಂಟರ ಮನೆ ಗೃಹಪ್ರವೇಶ ಮುಗಿಸಿ ಬರುವಾಗ ಹಿರಿಯೂರಿನ ಈಚೆ ನಮ್ಮ ಕಾರಿನ ಟೈರು ಪಂಕ್ಚರಾಯಿತು. ಪಂಕ್ಚರ್ ಅಂಗಡಿಯ ಪಕ್ಕದಲ್ಲೇ ಚಹದಂಗಡಿ. ಪುಣೆಯಿಂದ ಹೊಸೂರಿಗೆ ಲೋಡು ಒಯ್ಯುತ್ತಿದ್ದ ಬೆಳಗಾವಿ ಕಡೆಯ ಡ್ರೈವರೊಬ್ಬ ಬೆಂಚಿನ ಮೇಲೆ ಕೂತಿದ್ದ. ಕಣ್ಣು ಕೆಂಪಗೆ, ಕೊರಳಿಗೆ ಒದ್ದೆ ಟವೆಲ್ಲು. ಫ್ರಿಜ್ಜಿನಿಂದ ನೀಲಿ ಡಬ್ಬಿಯೊಂದನ್ನು ತೆಗೆದು, ತಿರುಗಿಸಿ ಬೆಲೆ ನೋಡಿ, ಮತ್ತೆ ಒಳಗಿಟ್ಟ. ಎಷ್ಟು ಹೊತ್ತಿಗೆ ಮಲಗಿದ್ದೆಯಪ್ಪಾ ಎಂದು ಕೇಳಿದೆ. ನಕ್ಕ. "ಮಲಗೂದಕ್ಕ ಗಾಡಿ ನಿಲ್ಲಿಸ್ಬೇಕಲ್ರಿ ಸರ. ಮಾಲಕ ಜಿಪಿಎಸ್ ಹಾಕ್ಯಾನ. ಗಾಡಿ ನಿಂತ್ರ ಅವಗ ಗೊತ್ತಾಗತೈತಿ, ಫೋನ್ ಹಚ್ತಾನ. ಡ್ರೈವರ್ ನಿದ್ದಿ ಮಾಡಿಲ್ಲ ಅನ್ನೂದು ಮಾತ್ರ ಅದರಾಗ ಕಾಣೂದಿಲ್ರಿ." ಮೋಟಾರು ಸಾರಿಗೆಯ ಕಾರ್ಮಿಕರನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1961ರಲ್ಲೇ ಒಂದು ಕಾಯಿದೆ ಬಂದಿತ್ತು. ಕಾಮರ್ಸ್ ಮೇಷ್ಟ್ರಿಗೆ ಇಂಥವು ಬಾಯಿಪಾಠ. ಹೇಳಲು ಬಾಯಿ ತೆರೆದವನು ಅವನ ಕಣ್ಣು ನೋಡಿ ಸುಮ್ಮನಾದೆ. ಜಪಾನಿನ ಗುಮಾಸ್ತ, ಥಾಯ್ ಡ್ರೈವರು, ನಮ್ಮ ಪಕ್ಕದ ಮನೆ ಹುಡುಗ, ಈತ, ಯಾರಿಗೂ ಬೇಕಾಗಿದ್ದದ್ದು ಡಬ್ಬಿಯಲ್ಲ. ಬೇಕಾದದ್ದನ್ನು ಕೊಡಬೇಕಾದವರು ಕೊಡಲಿಲ್ಲ. ಆ ಸಂದಿನಲ್ಲಿ ಇಬ್ಬರು ಜಾಣರು ಅಂಗಡಿ ಇಟ್ಟರು.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲವಲ್ಲ. ಪಂಕ್ಚರಿನವನು ಟ್ಯೂಬಿಗೆ ಪ್ಯಾಚು ಹಾಕುವವರೆಗೆ ಡಬ್ಬಿಯ ಕಥೆ ಹೇಳಿದೆ. ಥಾಯ್ಲೆಂಡಿನ ಡ್ರೈವರುಗಳಿಗಾಗಿ ಹುಟ್ಟಿದ್ದು, ಆಸ್ಟ್ರಿಯಾಕ್ಕೆ ಹೋಗಿ ದೊಡ್ಡವರ ಪಾನೀಯ ಆದದ್ದು, ಎಲ್ಲ. ಗಮನವಿಟ್ಟು ಕೇಳಿದ. ನನ್ನ ಯಾವ ಕ್ಲಾಸಿನಲ್ಲೂ ಅಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

"ಹಂಗಾರ ಮೊದಲ ನಮ್ಮಂಥವ್ರ ಸಲುವಾಗೇ ಮಾಡ್ಯಾರ ಅನ್ರಿ."

"ಹೌದಪ್ಪ."

"ಮತ್ತ ನಮಗ ಯಾಕ್ರಿ ಈ ರೇಟು?"

"ಆ ರೇಟಿನಲ್ಲಿ ರೇಸ್ ಕಾರಿನ ಖರ್ಚಿದೆ, ಫುಟ್‌ಬಾಲ್ ತಂಡದ್ದಿದೆ, ಬಲೂನಿನಿಂದ ಒಬ್ಬ ಧುಮುಕಿದನಲ್ಲ, ಅವನದೂ ಇದೆ" ಎಂದೆ.

ಆತ ಒಂದು ಗಳಿಗೆ ಲೆಕ್ಕ ಹಾಕಿದ. "ಹಂಗಾರ ಕಾರಿನವ್ರು ಬಲೂನಿನವ್ರೇ ಕುಡೀಲಿ ಬಿಡ್ರಿ" ಎಂದು ಒಳಕ್ಕೆ ಕೂಗಿದ: "ಏ ತಮ್ಮಾ, ಒಂದು ಚಾ ಹಾಕು, ಸ್ಟ್ರಾಂಗ್ ಇರ್ಲಿ. ಸರಿಗೂ ಒಂದು." ಪಾಠ ಹೇಳಿದವನು ನಾನು; ಬೇಡ ಬೇಡ ಎಂದರೂ ಕೇಳದೆ ಎರಡು ಚಹಕ್ಕೂ ದುಡ್ಡು ಕೊಟ್ಟವನು ಅವನು.